ಗ್ಯಾರೇಜಿನಲ್ಲಿ ಒಣಗಿದ ಹವಳದ ಕಲ್ಲು

ಉಪ್ಪುನೀರಿನ ಅಕ್ವೇರಿಯಂ ಹುಚ್ಚು ಬಿಟ್ಟವರ ಮನೆಯಲ್ಲಿ ಸಾಮಾನು ಖಾಲಿಯಾಗುವುದಕ್ಕೂ ಒಂದು ಕ್ರಮ ಇದೆ. ಮೊದಲು ಮೀನು ಹೋಗುತ್ತದೆ. ಆಮೇಲೆ ಹವಳ. ಲೈಟು, ಪಂಪು, ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಎಲ್ಲ ಅರ್ಧ ಬೆಲೆಗೆ ಮಾರಾಟವಾಗುತ್ತವೆ. ಗಾಜಿನ ತೊಟ್ಟಿಯನ್ನು ಯಾರೋ ಆಮೆ ಸಾಕುವುದಕ್ಕೆ ಅಂತ ಹೊತ್ತುಕೊಂಡು ಹೋಗುತ್ತಾರೆ. ಕೊನೆಗೆ ಉಳಿಯುವುದು ಕಲ್ಲು. ಅದು ಭಾರ, ನೋಡುವುದಕ್ಕೂ ಚಂದ ಇಲ್ಲ, ಕೇಳುವವರೂ ಕಡಿಮೆ. ಬಕೆಟ್ಟಿಗೆ ತುಂಬಿ ಗ್ಯಾರೇಜಿನ ಮೂಲೆಗೆ ತಳ್ಳುತ್ತಾರೆ. ಹಿಮ ಎತ್ತುವ ಸಲಿಕೆ, ಮಕ್ಕಳ ಹಳೆ ಸೈಕಲ್ಲು, ಅದರ ಪಕ್ಕದಲ್ಲಿ ಫಿಜಿ ದ್ವೀಪದಿಂದ ವಿಮಾನ ಹತ್ತಿ ಬಂದ ಕಲ್ಲು. ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ.

ನಾನಿರುವ ನ್ಯೂಜೆರ್ಸಿಯಲ್ಲಿ ಇಂಥ ಬಕೆಟ್ಟುಗಳಿಗೆ ಬರ ಇಲ್ಲ. ನನಗೆ ಸಿಕ್ಕಿದ್ದು ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ. ಅವರಿಗೆ ಸೊಂಟ ನೋವು, ನೀರು ಬದಲಾಯಿಸುವುದು ಆಗುತ್ತಿರಲಿಲ್ಲ. ಕಲ್ಲಿಗೆ ದುಡ್ಡು ಬೇಡ, ಬಕೆಟ್ಟು ಮಾತ್ರ ವಾಪಸ್ ತಂದುಕೊಡಿ ಅಂದರು. ಕಾರಿನ ಹಿಂದೆ ಇಟ್ಟಾಗ ಟೈರು ಕೂತುಹೋಗುವಷ್ಟು ಭಾರ. ಮನೆಗೆ ತಂದು ಬೇಸ್‌ಮೆಂಟಿಗೆ ಇಳಿಸುವಾಗ ಹೆಂಡತಿ ಮೇಲಿನಿಂದ ನೋಡಿ, "ಇದನ್ನ ದುಡ್ಡು ಕೊಟ್ಟು ತಂದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಹಾಗಾಗಿ ಮಾತು ಅಲ್ಲಿಗೇ ನಿಂತಿತು.

ಈ ಕಲ್ಲಿಗೆ ಹವ್ಯಾಸಿಗಳು ಇಟ್ಟ ಹೆಸರು ಲೈವ್ ರಾಕ್, ಅಂದರೆ ಜೀವಂತ ಕಲ್ಲು. ನೋಡದವರಿಗಾಗಿ ಎರಡು ಮಾತು. ಹವಳದ ದಿಬ್ಬದಿಂದ ಮುರಿದು ಬಿದ್ದ ತುಂಡು ಅದು. ಅದನ್ನು ಕಟ್ಟಿದ ಹವಳ ಸತ್ತು ಎಷ್ಟೋ ಕಾಲವಾಗಿರುತ್ತದೆ. ಉಳಿದಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲೇ. ಆದರೆ ತೂತೋ ತೂತು. ಆ ತೂತುಗಳ ಒಳಗೆ ಬ್ಯಾಕ್ಟೀರಿಯಾ, ಸ್ಪಂಜು, ಹುಳ, ಕಣ್ಣಿಗೆ ಕಾಣುವುದೂ ಕಷ್ಟ ಅನ್ನುವಂಥ ಸಣ್ಣ ಸಣ್ಣ ಜೀವಿಗಳು. ಮೇಲೆ ಸುಣ್ಣದ ಪದರದಂತೆ ಗಟ್ಟಿಯಾಗಿ ಅಂಟಿ ಬೆಳೆಯುವ, ನೇರಳೆ ಬಣ್ಣದ ಕೋರಲೈನ್ ಪಾಚಿ. ತೊಟ್ಟಿಯಲ್ಲಿ ಮೀನು ಇದ್ದರೆ ಅದರ ಕಿವಿರಿನಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯಾನೇ. ಅದು ಮೀನಿಗೆ ವಿಷ. ಕಲ್ಲಿನ ಮೇಲ್ಮೈಯ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಕಲ್ಲಿನ ಒಳಗೆ, ಆಮ್ಲಜನಕ ತಲುಪದ ಕಡೆ, ಬೇರೆ ಬ್ಯಾಕ್ಟೀರಿಯಾ ಕೂತು ಆ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಕರೆಂಟಿಲ್ಲದೆ, ಸದ್ದಿಲ್ಲದೆ ನಡೆಯುವ ಕೆಲಸ. ಒಂದು ಫಿಲ್ಟರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಇದು ಮೊದಲಿನಿಂದ ಎಲ್ಲರಿಗೂ ಗೊತ್ತಿದ್ದ ವಿಷಯ ಅಲ್ಲ. ಹಿಂದೆ ಉಪ್ಪುನೀರಿನ ತೊಟ್ಟಿ ಅಂದರೆ ಬಿಳೀ ಹವಳದ ಅಸ್ಥಿಪಂಜರ ಇಟ್ಟ ತೊಟ್ಟಿ. ಅದರ ಮೇಲೆ ಪಾಚಿ ಬಂದರೆ ತೆಗೆದು ಬ್ಲೀಚಿನಲ್ಲಿ ತೊಳೆದು ಮತ್ತೆ ಇಡುತ್ತಿದ್ದರು. 1961ರಲ್ಲಿ ಇಂಡೊನೇಷ್ಯಾದ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಅಮೆರಿಕದ ಅಕ್ವೇರಿಯಂ ಪತ್ರಿಕೆಯೊಂದರಲ್ಲಿ ತಮ್ಮ ಪದ್ಧತಿಯ ಬಗ್ಗೆ ಬರೆದರು. ಸಮುದ್ರದ ನೀರು, ಸಮುದ್ರದಿಂದ ತಂದ ಜೀವಂತ ಕಲ್ಲು, ಬಿಸಿಲು, ಸ್ವಲ್ಪ ಗಾಳಿ ಗುಳ್ಳೆ. ಅಷ್ಟೇ. ಓದಿದವರಲ್ಲಿ ನಂಬಿದವರು ಕಡಿಮೆ. ಜಕಾರ್ತಾದಲ್ಲಿ ಸಮುದ್ರ ಪಕ್ಕದಲ್ಲೇ ಇತ್ತು, ಬಿಸಿಲಿಗೂ ಕೊರತೆ ಇರಲಿಲ್ಲ, ಅದಕ್ಕೆ ನಡೆಯಿತು ಅಂದುಕೊಂಡರು. ಮುಂದೆ ಬರ್ಲಿನ್‌ನ ಹವ್ಯಾಸಿಗಳು ಅದೇ ಕಲ್ಲಿಗೆ ಜೋರಾದ ಲೈಟು, ಒಳ್ಳೆಯ ಸ್ಕಿಮ್ಮರ್ ಸೇರಿಸಿದರು. ಸಮುದ್ರ ಕಾಣದ ಊರಿನಲ್ಲೂ ಹವಳ ಬೆಳೆಯಿತು. ಇವತ್ತಿಗೂ ಅದಕ್ಕೆ ಬರ್ಲಿನ್ ಪದ್ಧತಿ ಅಂತಲೇ ಹೆಸರು.

ಅಲ್ಲಿಂದ ಕಲ್ಲಿಗೆ ಬೇಡಿಕೆ ಬಂತು. ಫಿಜಿ, ಟೊಂಗಾ, ಇಂಡೊನೇಷ್ಯಾ, ಎಲ್ಲ ಕಡೆಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬಿ ವಿಮಾನದಲ್ಲಿ ಕಳಿಸುತ್ತಿದ್ದರು. ದಾರಿಯಲ್ಲೇ ಅರ್ಧ ಜೀವ ಸತ್ತಿರುತ್ತಿತ್ತು. ಫ್ಲಾರಿಡಾದಲ್ಲಿ ಸಮುದ್ರದ ಕಲ್ಲು ತೆಗೆಯುವುದಕ್ಕೆ 1990ರ ದಶಕದಲ್ಲೇ ಪೂರ್ತಿ ತಡೆ ಬಿತ್ತು. ಈಗ ಅಲ್ಲಿ ಗಣಿಯಿಂದ ತಂದ ಸುಣ್ಣದ ಕಲ್ಲನ್ನು ಗುತ್ತಿಗೆ ಹಿಡಿದ ಸಮುದ್ರದ ತಳದಲ್ಲಿ ಹಾಕಿ, ವರ್ಷಗಳ ಮೇಲೆ ಎತ್ತಿ ಮಾರುತ್ತಾರೆ. ಅದು ಒಪ್ಪತಕ್ಕ ಕೆಲಸ. ಫಿಜಿ ಸರಕಾರವೂ 2017ರ ಕೊನೆಗೆ ಹವಳ, ಲೈವ್ ರಾಕ್ ಎರಡರ ರಫ್ತನ್ನೂ ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಒಂದು ದಿಬ್ಬ ಬೆಳೆಯುವುದಕ್ಕೆ ನೂರಾರು ವರ್ಷ ಬೇಕು, ಅದನ್ನು ಯಾರದೋ ಡ್ರಾಯಿಂಗ್ ರೂಮಿಗಾಗಿ ಒಡೆಯುವುದು ಸರಿ ಅಲ್ಲ. ಆದರೆ ಈಗಾಗಲೇ ಬಂದುಬಿಟ್ಟ ಕಲ್ಲು ಟನ್‌ಗಟ್ಟಲೆ ಗ್ಯಾರೇಜುಗಳಲ್ಲಿ ಬಿದ್ದಿದೆಯಲ್ಲ, ಅದನ್ನು ಕಸಕ್ಕೆ ಹಾಕಿ ಹೊಸದು ಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಹಳೆಯದನ್ನು ಎಬ್ಬಿಸುವ ಕೆಲಸಕ್ಕೆ ನಾನು ಕೈ ಹಾಕುವುದು ಅದಕ್ಕೇ.

ಒಣಗಿದ ಕಲ್ಲನ್ನು ಕೈಯಲ್ಲಿ ಹಿಡಿದು ಒಂದು ಸಲ ಸರಿಯಾಗಿ ನೋಡಬೇಕು. ಯಾರೂ ನೋಡುವುದಿಲ್ಲ, ಸುಮ್ನೆ ನೀರಿಗೆ ಹಾಕುತ್ತಾರೆ. ಮೇಷ್ಟರ ಬಕೆಟ್ಟಿನಿಂದ ತೆಗೆದ ಮೊದಲ ಕಲ್ಲು ತೆಂಗಿನಕಾಯಿ ಗಾತ್ರದ್ದು. ಒಂದು ಮಗ್ಗುಲಿನಲ್ಲಿ ಬೂದಿಬಣ್ಣದ ಪುಡಿ, ಬೆರಳಿಗೆ ಅಂಟುತ್ತಿತ್ತು. ಅದು ಹಿಂದೊಮ್ಮೆ ನೇರಳೆಯಾಗಿದ್ದ ಕೋರಲೈನ್ ಪಾಚಿ. ಲೆನ್ಸು ಹಿಡಿದರೆ ಇನ್ನೊಂದು ಮಗ್ಗುಲಿನಲ್ಲಿ ಸಾಲು ಸಾಲು ನಕ್ಷತ್ರದ ಗುರುತು. ಒಂದೊಂದು ನಕ್ಷತ್ರದಲ್ಲೂ ಒಂದೊಂದು ಹವಳದ ಹುಳ ಕೂತಿತ್ತು, ಅದರ ಕೋಣೆಯ ಗೋಡೆಗಳು ಹಾಗೇ ಇವೆ. ಅವುಗಳ ನಡುವೆ ಸುರುಳಿ ಸುತ್ತಿದ ಬಿಳೀ ಕೊಳವೆ, ಯಾವುದೋ ಕೊಳವೆ ಹುಳ ಕಟ್ಟಿಕೊಂಡ ಮನೆ. ತಿರುವಿ ನೋಡಿದರೆ ಒಂದು ಬಿಲದಲ್ಲಿ ಕಂದು ಬಣ್ಣದ, ಪೇಪರಿನಷ್ಟು ತೆಳು ಪೊರೆ. ಒಣಗಿದ ಸ್ಪಂಜು. ಉಗುರಿನಿಂದ ಎಳೆದರೆ ಬರುತ್ತದೆ, ಆದರೆ ಬೇರು ಒಳಗೇ ಉಳಿಯುತ್ತದೆ. ತೊಂದರೆ ಇರುವುದು ಅಲ್ಲೇ. ಮೀನು ಸಾಕಿದ ವರ್ಷಗಳಲ್ಲಿ ಸೇರಿದ ಹೊಲಸು, ಸತ್ತ ಹುಳ, ಸತ್ತ ಸ್ಪಂಜು ಎಲ್ಲ ಒಳಗೆ ಒಣಗಿ ಕೂತಿವೆ. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಕಲ್ಲಿನಲ್ಲಿ ಜೀವ ಇಲ್ಲವಲ್ಲ ಅಂತ ಯೋಚಿಸುತ್ತಾರೆ. ಜೀವ ಬರುತ್ತದೆ, ಅದು ಕಷ್ಟದ ವಿಷಯ ಅಲ್ಲ. ಕಷ್ಟ ಇರುವುದು ಒಳಗೆ ಉಳಿದಿರುವುದನ್ನು ಹೊರಗೆ ತರುವುದರಲ್ಲಿ.

ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಲೇಬೇಕು. ಈ ಕಲ್ಲಿದ್ದ ತೊಟ್ಟಿಗೆ ಯಾವತ್ತಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಮೀನಿನ ಮೈಮೇಲೆ ಬಿಳೀ ಚುಕ್ಕೆ ರೋಗ ಬಂದರೆ ತಾಮ್ರ ಹಾಕುವುದು ರೂಢಿ. ಸುಣ್ಣದ ಕಲ್ಲು ಆ ತಾಮ್ರವನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಆಮೇಲೆ ಯಾವಾಗಲೋ ಬಿಡುತ್ತದೆ. ಮೀನು ತಡೆದುಕೊಳ್ಳಬಹುದು. ಸಿಗಡಿ, ಬಸವನಹುಳು, ಹವಳ ಇವಕ್ಕೆ ಆಗುವುದಿಲ್ಲ. ಹೌದು ಅಂತ ಉತ್ತರ ಬಂದರೆ ಆ ಕಲ್ಲು ಪುಕ್ಕಟೆ ಕೊಟ್ಟರೂ ಬೇಡ. ಮೇಷ್ಟರು ಕಾಯಿಲೆಯ ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಕೊಡುತ್ತಿದ್ದರಂತೆ. ಮೇಷ್ಟರಲ್ವಾ, ಅದಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದರು.

ಇನ್ನು ಆಸಿಡ್ಡಿನ ವಿಷಯ. ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ನೀರಿಗೆ ಬೆರೆಸಿ ಕಲ್ಲು ಮುಳುಗಿಸುವವರು ಬೇಕಾದಷ್ಟು ಜನ ಇದ್ದಾರೆ. ಕಲ್ಲು ಬುಸುಬುಸು ನೊರೆ ಉಗುಳುತ್ತದೆ, ಮೇಲಿನ ಪದರ ಕರಗಿಹೋಗುತ್ತದೆ, ಅದರ ಜೊತೆ ಅಂಟಿಕೊಂಡಿದ್ದ ಕೊಳೆಯೂ ಹೋಗುತ್ತದೆ. ನೋಡುವುದಕ್ಕೆ ಹೊಸ ಕಲ್ಲಾಗುತ್ತದೆ. ನನಗೆ ಇದು ಸೇರುವುದಿಲ್ಲ. ಹೊಗೆ ಮೂಗಿಗೆ, ಕಣ್ಣಿಗೆ ಕೆಟ್ಟದ್ದು. ಮನೆಯಲ್ಲಿ ಮಕ್ಕಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಕರಗುವುದು ಹೊರಗಿನ ಪದರ ಮಾತ್ರ. ಒಳಗಿನ ಬಿಲಗಳಲ್ಲಿ ಕೂತಿದ್ದು ಅಲ್ಲೇ ಇರುತ್ತದೆ, ಲೆನ್ಸಿನಲ್ಲಿ ಕಂಡ ಆ ನಕ್ಷತ್ರಗಳು ಮಾತ್ರ ಮಾಯ.

ನಾನು ಮಾಡಿದ್ದು ಬ್ಲೀಚು. ಹಿತ್ತಲಿನಲ್ಲಿ, ಬಯಲಿನಲ್ಲಿ, ಹತ್ತು ಪಾಲು ನೀರಿಗೆ ಒಂದು ಪಾಲು ವಾಸನೆ ಸೇರಿಸದ ಬ್ಲೀಚು. ಅದು ಸತ್ತ ಸ್ಪಂಜು, ಹುಳ, ಪಾಚಿಯನ್ನೆಲ್ಲ ತಿಂದುಹಾಕುತ್ತದೆ. ಕೆಲವು ದಿನ ಬಿಟ್ಟು ತೆಗೆದರೆ ಕಲ್ಲು ಬೆಳ್ಳಗೆ ಆಗಿರುತ್ತದೆ, ತಳದಲ್ಲಿ ಕಂದು ರಾಡಿ. ಆಮೇಲೆ ಚೆನ್ನಾಗಿ ತೊಳೆದು, ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಬೇಕು. ಕ್ಲೋರಿನ್ ವಾಸನೆ ಪೂರ್ತಿ ಹೋಗಬೇಕು. ಒಂದು ಎಚ್ಚರ ಇಲ್ಲಿ ಹೇಳಲೇಬೇಕು. ಬ್ಲೀಚು, ಆಸಿಡ್ಡು ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಬೇಡಿ, ಒಂದರ ಬೆನ್ನಿಗೆ ಒಂದನ್ನೂ ಹಾಕಬೇಡಿ. ಎರಡು ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಅದು ಜೀವ ತೆಗೆಯುವ ವಿಷ.

ಇಷ್ಟಾದ ಮೇಲೆ ಕಲ್ಲು ಬೇಸ್‌ಮೆಂಟಿಗೆ ಬಂತು. ದೊಡ್ಡ ಪ್ಲಾಸ್ಟಿಕ್ ಡ್ರಮ್ಮು, ಒಂದು ಹೀಟರ್, ನೀರು ತಿರುಗಿಸುವ ಪಂಪು, ಮೇಲೆ ಮುಚ್ಚಳ. ಬೆಳಕು ಬೀಳಬಾರದು, ಬಿದ್ದರೆ ಪಾಚಿಗೆ ಹಬ್ಬ. ನೀರಿಗೆ ಆರ್‌ಓ ಡಿಐ ಯಂತ್ರ, ಅಂದರೆ ಕರಗಿರುವುದನ್ನೆಲ್ಲ ಸೋಸಿ ನೀರು ಶುದ್ಧ ಮಾಡುವ ಯಂತ್ರ, ಬೇಕೇ ಬೇಕು. ನಲ್ಲಿ ನೀರು ನಡೆಯುವುದಿಲ್ವಾ ಅಂತ ಕೇಳುವವರಿದ್ದಾರೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಹಳೇ ಪೈಪಿನಿಂದ ಸೀಸ ಕರಗಿ ಬರದಿರಲಿ ಅಂತ ನಲ್ಲಿ ನೀರಿಗೇ ಫಾಸ್ಫೇಟ್ ಸೇರಿಸುತ್ತಾರೆ. ಕುಡಿಯುವವರಿಗೆ ಅದು ಒಳ್ಳೆಯದು. ಆದರೆ ಫಾಸ್ಫೇಟ್ ಪಾಚಿಗೆ ಗೊಬ್ಬರ, ಹಳೇ ಕಲ್ಲಿನಲ್ಲಿ ಅದು ಮೊದಲೇ ತುಂಬಿಕೊಂಡಿರುತ್ತದೆ. ಅದನ್ನು ತೆಗೆಯುವುದಕ್ಕೆ ಫಾಸ್ಫೇಟ್ ಇರುವ ನೀರನ್ನೇ ಹಾಕುವುದು ಯಾವ ಬುದ್ಧಿವಂತಿಕೆ? ಶುದ್ಧ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಲವಣಾಂಶ ಸಾವಿರಕ್ಕೆ 35ರಂತೆ, ಬಿಸಿ 25–26 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಂಡೆ.

ಒಣಗಿದ ಕಲ್ಲನ್ನು ಮೊದಲು ಮುಳುಗಿಸಿದಾಗ ಅದರ ಸದ್ದು ಕೇಳಬೇಕು. ಬಿಲದೊಳಗಿನ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಚಿರ್ ಚಿರ್ ಅಂತ ಹೊರಗೆ ಬರುತ್ತದೆ. ತುಂಬ ಹಗುರವಾದ ತುಂಡುಗಳು ತಳಕ್ಕೆ ಕೂರದೆ ಅಲ್ಲಾಡುತ್ತಿರುತ್ತವೆ. ಮರುದಿನವೂ ಗುಳ್ಳೆ ನಿಂತಿರಲಿಲ್ಲ. ಎಷ್ಟು ತೂತು ಇದೆ ಅಂತ ಲೆಕ್ಕ ಹಾಕುವುದಕ್ಕೆ ಇದಕ್ಕಿಂತ ಸುಲಭದ ದಾರಿ ಗೊತ್ತಿಲ್ಲ. ಭಾರವಾದ ಕಲ್ಲಿಗಿಂತ ಹೀಗೆ ಗುಳ್ಳೆ ಬಿಡುವ ಕಲ್ಲು ಉತ್ತಮ, ಸೂಕ್ಷ್ಮಜೀವಿಗಳಿಗೆ ಜಾಗ ಜಾಸ್ತಿ.

ಊರಿನಿಂದ ಅಮ್ಮ ವಿಡಿಯೊ ಕಾಲ್ ಮಾಡಿದಾಗ ಡ್ರಮ್ಮಿನ ಪಕ್ಕದಲ್ಲೇ ಇದ್ದೆ. ಏನು ಮಾಡ್ತಿದ್ದೀಯ ಅಂದರು. ಕಲ್ಲು ನೆನೆಹಾಕಿದ್ದೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ವಿಜಿಲ್ ಕೂಗಿಸ್ಬೇಕು ಅದನ್ನ?" ಅಂತ ಕೇಳಿದರು. ಅಪ್ಪ ಹಿಂದಿನಿಂದ ನಕ್ಕಿದ್ದು ಕೇಳಿಸಿತು.

ವಿಜಿಲ್‌ನಿಂದ ಆಗುವ ಕೆಲಸ ಅಲ್ಲ ಇದು. ಬ್ಲೀಚಿಗೆ ಸಿಗದೆ ಒಳಗೆ ಉಳಿದ ಕೊಳೆ ನಿಧಾನಕ್ಕೆ ಕರಗುತ್ತದೆ. ಮೊದಲ ದಿನಗಳಲ್ಲಿ ಮುಚ್ಚಳ ತೆಗೆದರೆ ಗಬ್ಬು ನಾತ. ನಮ್ಮ ಬೇಸ್‌ಮೆಂಟಿನಲ್ಲೇ ವಾಷಿಂಗ್ ಮೆಷಿನ್ನೂ ಇದೆ. ಬಟ್ಟೆ ಒಗೆಯುವುದಕ್ಕೆ ಇಳಿದವರು ನನಗೆ ಏನೇನು ಹೇಳಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಹೊತ್ತಿಗೆ ಸಹಾಯಕ್ಕೆ ಬರುವುದು ಅಡಿಗೆಮನೆಯ ಟರ್ಕಿ ಬೇಸ್ಟರ್. ದೊಡ್ಡ ಡ್ರಾಪರ್ ತರಹದ್ದು, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರಿಂದ ಒಂದೊಂದು ಬಿಲಕ್ಕೂ ನೀರು ಊದಿದರೆ ಒಳಗಿನಿಂದ ಕಂದು ಧೂಳು ಮೋಡದಂತೆ ಏಳುತ್ತದೆ. ಅದು ತಳದಲ್ಲಿ ಕೂತ ಮೇಲೆ ಪೈಪಿನಿಂದ ಎಳೆದು ಹೊರಗೆ ಹಾಕುವುದು, ಹೊಸ ಉಪ್ಪುನೀರು ತುಂಬುವುದು. ಮತ್ತೆ ಅದನ್ನೇ ಮಾಡುವುದು.

ವಾಸನೆ ನಿಂತ ಮೇಲೆ ಕೆಲಸ ಮುಗಿಯಿತು ಅಂತ ಜನ ಕಲ್ಲನ್ನು ತೊಟ್ಟಿಗೆ ಹಾಕಿಬಿಡುತ್ತಾರೆ. ಆಗಲೇ ಫಾಸ್ಫೇಟ್ ಅಳೆಯಬೇಕು. ನನ್ನ ಹತ್ತಿರ ಇರುವುದು 0.9 ಪಿಪಿಎಂ (ಹತ್ತು ಲಕ್ಷ ಪಾಲಿಗೆ 0.9 ಪಾಲು) ತನಕ ಅಳೆಯುವ ಹಾನಾ ಕಂಪನಿಯ ಮೀಟರು. ಡ್ರಮ್ಮಿನ ನೀರು ಅದರ ಮಿತಿ ದಾಟಿತ್ತು. ಶುದ್ಧ ನೀರು ಬೆರೆಸಿ ತೆಳು ಮಾಡಿ ಅಳೆಯಬೇಕಾಯಿತು. ಹವಳದ ತೊಟ್ಟಿಯಲ್ಲಿ 0.1 ಒಳಗೆ ಇದ್ದರೆ ಚೆನ್ನ. ಸರಿ, ನೀರು ಬದಲಾಯಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿ ಅಳೆದರೆ ಮೀಟರು ಹೆಚ್ಚು ಕಡಿಮೆ ಸೊನ್ನೆ ತೋರಿಸುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಮೇಲೆ.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ. ಫಾಸ್ಫೇಟಿಗೆ ಸುಣ್ಣದ ಕಲ್ಲು ಅಂದರೆ ಪ್ರೀತಿ, ಅದರ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದಾಗ ಕಲ್ಲು ಎಳೆದುಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಎರಡೂ ಕಡೆ ಒಂದು ಮಟ್ಟಕ್ಕೆ ಬರುವ ತನಕ ಈ ಕೊಡು-ಕೊಳ್ಳು ನಡೆಯುತ್ತಲೇ ಇರುತ್ತದೆ. ಮೇಷ್ಟರು ಹತ್ತಾರು ವರ್ಷ ಮೀನಿಗೆ ಹಾಕಿದ ಊಟದ ಒಂದು ಪಾಲು ಈ ಕಲ್ಲಿನಲ್ಲಿ ಕೂತಿದೆ. ಒಣಗಿದರೂ, ಬಿಸಿಲಿಗಿಟ್ಟರೂ, ಬ್ಲೀಚು ಹಾಕಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಜೀವ ಅಲ್ಲ, ಖನಿಜ. ಇಂಥ ಕಲ್ಲನ್ನು ಹಾಗೇ ತೊಟ್ಟಿಗೆ ಹಾಕಿದವರು ಆಮೇಲೆ ಹಸಿರು ಕೂದಲಿನಂಥ ಪಾಚಿ ಕಿತ್ತು ಕಿತ್ತು ಸುಸ್ತಾಗುತ್ತಾರೆ. ನೀರು ಅಳೆದರೆ ಫಾಸ್ಫೇಟ್ ಕಾಣುವುದೂ ಇಲ್ಲ. ಕಲ್ಲಿನಿಂದ ಬಂದಿದ್ದನ್ನೆಲ್ಲ ಪಾಚಿ ಅಲ್ಲೇ ಕೂತು ತಿಂದಿರುತ್ತದೆ. ಮೀಟರು ಸರಿಯಾಗಿದೆ, ಪಾಚಿ ಯಾಕೆ ಅಂತ ತಲೆ ಕೆರೆದುಕೊಳ್ಳುವುದು ಅದಕ್ಕೇ.

ನೀರು ಬದಲಾಯಿಸುತ್ತಲೇ ಇದ್ದರೆ ಉಪ್ಪಿನ ಖರ್ಚಿಗೆ ಮನೆ ಮಾರಬೇಕಾಗುತ್ತದೆ. ಅದಕ್ಕೆ ಲ್ಯಾಂಥನಮ್ ಕ್ಲೋರೈಡ್ ಇದೆ. ಈಜುಕೊಳದಲ್ಲಿ ಫಾಸ್ಫೇಟ್ ತೆಗೆಯುವುದಕ್ಕೆ ಮಾರುವ ಸಾಮಾನು ಅದೇ. ನೀರಿನಲ್ಲಿ ತೆಳು ಮಾಡಿ ಹನಿಹನಿಯಾಗಿ ಬಿಟ್ಟರೆ ಫಾಸ್ಫೇಟ್ ಜೊತೆ ಸೇರಿ ಕರಗದ ಪುಡಿಯಾಗುತ್ತದೆ. ನೀರು ಹಾಲಿನಷ್ಟು ಬೆಳ್ಳಗಾಗುತ್ತದೆ. ಆ ಪುಡಿಯನ್ನು 10 ಮೈಕ್ರಾನಿನ ಬಟ್ಟೆಯ ಚೀಲದಲ್ಲಿ ಹಿಡಿದು ಹೊರಗೆ ಹಾಕಬೇಕು. ಕಾರ್ಬೊನೇಟನ್ನೂ ಅದು ಎಳೆಯುತ್ತದೆ, ಹಾಗಾಗಿ ನೀರಿನ ಕ್ಷಾರಾಂಶ ಬೀಳುತ್ತದೆ, ನೋಡಿಕೊಂಡು ತುಂಬಬೇಕು. ಮೀನಿರುವ ತೊಟ್ಟಿಯಲ್ಲಿ ಇದನ್ನು ಮಾಡುವುದಕ್ಕೆ ನನಗೆ ಧೈರ್ಯ ಇಲ್ಲ. ಡ್ರಮ್ಮಿನಲ್ಲಿ ಸಾಯುವುದಕ್ಕೆ ಯಾರೂ ಇಲ್ಲ, ಅದೇ ಅದರ ಅನುಕೂಲ. ಚಳಿಗಾಲ ಪೂರ್ತಿ ನಾನು ಮಾಡಿದ್ದು ಇದೇ. ಹನಿ ಬಿಡುವುದು, ಚೀಲ ತೊಳೆಯುವುದು, ಅಳೆಯುವುದು. ಪ್ರತಿ ಸಲವೂ ಮೀಟರು ಮೇಲೆ ಬರುವುದು ಸ್ವಲ್ಪ ಕಡಿಮೆಯಾಗುತ್ತಾ ಹೋಯಿತು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಹವಳ ಹಾಕಿದ ಮೇಲೆ ಇದೇ ಜಗಳವನ್ನು ತೊಟ್ಟಿಯೊಳಗೆ ಮಾಡುವುದಕ್ಕಿಂತ ವಾಸಿ.

ಈಗ ಜೀವದ ಮಾತು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಬೀಜಕಣ ಮಾಡಿಕೊಂಡು ಬರಗಾಲ ಕಳೆಯುವ ವಿದ್ಯೆ ಗೊತ್ತಿಲ್ಲ. ವರ್ಷಗಟ್ಟಲೆ ಒಣಗಿದ ಕಲ್ಲಿನಲ್ಲಿ ಅವು ಉಳಿದಿರುವುದಿಲ್ಲ, ಬ್ಲೀಚು ಹಾಕಿದ ಮೇಲಂತೂ ಕೇಳುವುದೇ ಬೇಡ. ಹೊರಗಿನಿಂದ ತರಬೇಕು. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಬಾಟಲಿ ಸುರಿದು, ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿ, ಅದು ಒಂದು ದಿನದಲ್ಲಿ ಸೊನ್ನೆಗೆ ಇಳಿಯುತ್ತದಾ ಅಂತ ನೋಡುವುದು. ಹಾಗೆ ಇಳಿದು, ಹಿಂದೆಯೇ ನೈಟ್ರೈಟೂ ಇಳಿದರೆ ಕಲ್ಲು ಕೆಲಸಕ್ಕೆ ಬಂತು ಅಂತ ಅರ್ಥ. ನೈಟ್ರೈಟ್ ಬಗ್ಗೆ ಸಿಹಿನೀರಿನವರಷ್ಟು ಹೆದರಬೇಕಾಗಿಲ್ಲ. ಸಮುದ್ರದ ನೀರಿನಲ್ಲಿರುವ ರಾಶಿ ರಾಶಿ ಕ್ಲೋರೈಡು ಅದನ್ನು ಮೀನಿನ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ.

ಆದರೆ ಬಾಟಲಿ ಒಂದರಿಂದ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಕ್ವೇರಿಯಂನಲ್ಲಿ ಯಾರು ಯಾರು ಕೆಲಸ ಮಾಡುತ್ತಿದ್ದಾರೆ ಅನ್ನುವುದೇ ನಮಗೆ ತಡವಾಗಿ ತಿಳಿದದ್ದು. ಅಮೋನಿಯಾ ತಿನ್ನುವುದು ಬ್ಯಾಕ್ಟೀರಿಯಾ ಮಾತ್ರ ಅಂತ ನೂರು ವರ್ಷ ಪುಸ್ತಕಗಳು ಹೇಳಿದವು. 2005ರಲ್ಲಿ ವಿಜ್ಞಾನಿಗಳು ಬೇರೆಯದೇ ಬಳಗದ ಒಂದು ಜೀವಿಯನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದರು. ನೈಟ್ರೊಸೊಪುಮಿಲಸ್ ಮಾರಿಟಿಮಸ್ ಅಂತ ಹೆಸರು, ಅದು ಆರ್ಕಿಯಾ ಬಳಗದ್ದು, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವಂಶದ ಸೂಕ್ಷ್ಮಜೀವಿ. ಎಲ್ಲಿ ಸಿಕ್ಕಿತು ಗೊತ್ತಾ? ಸಮುದ್ರದ ಆಳದಲ್ಲಲ್ಲ, ಸಿಯಾಟಲ್ ಅಕ್ವೇರಿಯಂನ ಒಂದು ತೊಟ್ಟಿಯಲ್ಲಿ. ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಅಮೋನಿಯಾದಲ್ಲೂ ಬದುಕುವ ಗಟ್ಟಿ ಆಸಾಮಿ ಅದು. ಇಂಥವೆಲ್ಲ ಬಾಟಲಿಯಲ್ಲಿ ಇರುತ್ತವೆ ಅಂತ ನಾನು ನಂಬುವುದಿಲ್ಲ.

ಅದಕ್ಕೆ ಮೊಸರಿಗೆ ಮಾಡುವುದನ್ನೇ ಇಲ್ಲೂ ಮಾಡಬೇಕು. ಪಕ್ಕದ ಮನೆಯಿಂದ ಹೆಪ್ಪು ತರಬೇಕು. ಇಲ್ಲೇ ಹತ್ತಿರದಲ್ಲಿ ಒಬ್ಬ ಗೆಳೆಯನ ತೊಟ್ಟಿ ಇದೆ. ಹಳೆಯದು, ನೋಡುವುದಕ್ಕೆ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಆರೋಗ್ಯವಾಗಿದೆ. ಅದರ ಸಂಪಿನಿಂದ, ಅಂದರೆ ತೊಟ್ಟಿಯ ಕೆಳಗಿನ ಫಿಲ್ಟರ್ ತೊಟ್ಟಿಯಿಂದ, ಮುಷ್ಟಿಯಷ್ಟು ಕಲ್ಲಿನ ಚೂರು, ಒಂದು ಲೋಟ ಮರಳು ಕೇಳಿದೆ. "ಅಷ್ಟು ಸಾಕಾ? ಇನ್ನೂ ತಗೊಂಡು ಹೋಗಿ ಮಾರಾಯ್ರೆ" ಅಂದ. ಮಂಗಳೂರಿನವನು, ಕೊಡುವುದರಲ್ಲಿ ಕೈ ದೊಡ್ಡದು. ಚೂರುಗಳನ್ನು ಬಿಳೀ ತಟ್ಟೆಯಲ್ಲಿ ಹರಡಿ, ಟಾರ್ಚು ಹಿಡಿದು ಇಬ್ಬರೂ ಒಂದೊಂದನ್ನೂ ತಿರುವಿ ನೋಡಿದೆವು. ಹೆಪ್ಪಿನ ಜೊತೆ ಪೀಡೆಯೂ ಬರುತ್ತದೆ. ಐಪ್ಟೇಸಿಯಾ ಅನ್ನುವ ಕುಟುಕುವ ಹೂವಿನಂಥ ಜೀವಿ ಒಂದು ಚೂರಿನಲ್ಲಿ ಕಂಡಿತು, ಅದನ್ನು ಅಲ್ಲೇ ಬಿಟ್ಟೆವು. ಒಣಗಿದ ಕಲ್ಲಿನ ದೊಡ್ಡ ಲಾಭವೇ ಇದು, ಅದರಲ್ಲಿ ಐಪ್ಟೇಸಿಯಾ ಇಲ್ಲ, ಗಾಜಿಗೆ ಗುದ್ದುವ ಮ್ಯಾಂಟಿಸ್ ಸಿಗಡಿ ಇಲ್ಲ, ಹವಳ ತಿನ್ನುವ ಏಡಿ ಇಲ್ಲ. ಆ ಲಾಭವನ್ನು ಕೈಯಾರೆ ಕಳೆದುಕೊಳ್ಳಬಾರದು. ಬ್ರಿಸಲ್ ವರ್ಮ್ ಅನ್ನುವ ಮುಳ್ಳುಹುಳ ಮಾತ್ರ ಬಂದರೆ ಬರಲಿ ಅಂತ ಬಿಟ್ಟೆ. ಜನ ಅದನ್ನು ನೋಡಿ ಹೌಹಾರುತ್ತಾರೆ, ಆದರೆ ಬಿಲದೊಳಗಿನ ಹೊಲಸು ತಿನ್ನುವ ಕೆಲಸ ಅದರದ್ದು.

ಹೆಪ್ಪು ಹಾಕಿದ ಮೇಲೆ ಡ್ರಮ್ಮಿನ ಕಡೆ ಜಾಸ್ತಿ ಹೋಗಲಿಲ್ಲ. ಆಗಾಗ ಚಿಟಿಕೆ ಮೀನಿನ ಆಹಾರ, ಅಷ್ಟೇ. ಒಂದು ರಾತ್ರಿ ದೀಪ ಆರಿಸಿ ಟಾರ್ಚು ಬಿಟ್ಟು ನೋಡಿದಾಗ ಡ್ರಮ್ಮಿನ ಗೋಡೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳೀ ಚುಕ್ಕೆಗಳು ಓಡಾಡುತ್ತಿದ್ದವು. ಕೋಪೆಪಾಡುಗಳು, ಸಿಗಡಿಯ ದೂರದ ನೆಂಟರು. ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಮೊದಲು ಹೇಳಿದೆನಲ್ಲ, ಆ ಕೊಳವೆ ಹುಳದ ಖಾಲಿ ಮನೆ, ಅದರ ಬಾಯಿಯಿಂದ ಒಂದು ಪಾರದರ್ಶಕ ದಾರ ಹೊರಗೆ ಬಂದು ಕಲ್ಲಿನ ಮೇಲೆ ತಡಕುತ್ತಿತ್ತು. ಧೂಳಿನ ಕಣ ಒಂದನ್ನು ಹಿಡಿದು ನಿಧಾನವಾಗಿ ಒಳಗೆ ಎಳೆದುಕೊಂಡಿತು. ಸ್ಪಗೆಟ್ಟಿ ವರ್ಮ್. ಗೆಳೆಯನ ಮರಳಿನಲ್ಲಿ ಬಂದಿದ್ದು, ಫಿಜಿಯವರು ಬಿಟ್ಟುಹೋದ ಮನೆಗೆ ಬಾಡಿಗೆಗೆ ಬಂದಿದೆ.

ಇಷ್ಟೆಲ್ಲ ಮಾಡಿ ತೊಟ್ಟಿಗೆ ಹಾಕಿದರೆ ಚಂದ ಕಾಣುತ್ತದೆಯೇ? ಇಲ್ಲ. ಮೊದಲು ಎಲ್ಲದರ ಮೇಲೂ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಯ ಕಂದು ಪದರ. ಆಮೇಲೆ ಹಸಿರು. ಅಲ್ಲಲ್ಲಿ ಕೆಂಪು ಲೋಳೆಯಂಥ ಸಯನೋಬ್ಯಾಕ್ಟೀರಿಯಾ. ಮನೆಗೆ ಬಂದವರು ತೊಟ್ಟಿ ನೋಡಿ ಮಾತು ಬದಲಾಯಿಸುತ್ತಾರೆ. ಈ ಹೊತ್ತಿಗೆ ಗಾಬರಿಯಾಗಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸುವವರಿದ್ದಾರೆ. ಹಾಗೆ ಮಾಡಿದರೆ ಬೇರೆ ಪಾಚಿ ಸೋಲುತ್ತದೆ, ಖಾಲಿ ಜಾಗಕ್ಕೆ ಡೈನೋಫ್ಲಾಜೆಲೇಟ್ ಬರುತ್ತದೆ. ಗುಳ್ಳೆ ಹಿಡಿದ ಕಂದು ಲೋಳೆ ಅದು. ಅದರಲ್ಲಿ ಕೆಲವು ಜಾತಿ ವಿಷದ್ದು, ತಿಂದ ಬಸವನಹುಳು ಸಾಯುತ್ತದೆ. ಹೊಸದಾಗಿ ಎಬ್ಬಿಸಿದ ಕಲ್ಲಿನ ತೊಟ್ಟಿಗಳಿಗೆ ಇದು ಹೆಚ್ಚು ಬರುತ್ತದೆ, ಜಾಗಕ್ಕೆ ಪೈಪೋಟಿ ಕೊಡುವ ಬೇರೆ ಜೀವಿಗಳು ಇನ್ನೂ ಕಡಿಮೆ ಇರುತ್ತವಲ್ಲ, ಅದಕ್ಕೆ. ನಾನು ಫಾಸ್ಫೇಟನ್ನು 0.05ರ ಆಸುಪಾಸು, ನೈಟ್ರೇಟನ್ನು 5ರ ಆಸುಪಾಸು ಇಟ್ಟುಕೊಂಡು ಟ್ರೋಕಸ್ ಬಸವನಹುಳುಗಳನ್ನು ಬಿಟ್ಟು ಸುಮ್ಮನಾದೆ. ಕೈ ಹಾಕದೆ ಇರುವುದೂ ಒಂದು ಕೆಲಸವೇ, ಅದು ನನಗೆ ಸುಲಭವಾಗಿ ಬರುವುದಿಲ್ಲ.

ಕೋರಲೈನ್ ಪಾಚಿಗಾಗಿ ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ, ಕ್ಷಾರಾಂಶ 8–9 ಡಿಕೆಎಚ್ (ಅದನ್ನು ಅಳೆಯುವ ಮಾನ) ಇಟ್ಟಿದ್ದೇನೆ. ಗೆಳೆಯನ ಗಾಜಿನಿಂದ ಕೆರೆದ ನೇರಳೆ ಪುಡಿಯನ್ನು ಪಂಪಿನ ಎದುರು ಬಿಟ್ಟಿದ್ದೇನೆ. ಬಂದಿದೆ. ಕಲ್ಲಿನ ಮೇಲಲ್ಲ, ಹಿಂದಿನ ಗಾಜಿನ ಮೇಲೆ, ಪಂಪಿನ ಪ್ಲಾಸ್ಟಿಕ್ಕಿನ ಮೇಲೆ. ಎಲ್ಲಿ ಬೇಕೋ ಅಲ್ಲಿ ಬಿಟ್ಟು ಬೇರೆಲ್ಲ ಕಡೆ ಮೊದಲು ಬರುವುದು ಅದರ ಸ್ವಭಾವ.

ಬೆಂಗಳೂರಿನಲ್ಲಿ ಚಿಕ್ಕಪ್ಪನ ಮಗ ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾನೆ. ಫೋಟೊ ನೋಡಿ, "ಅಣ್ಣಾ, ಬರುವಾಗ ನಂಗೂ ನಾಲ್ಕು ಕಲ್ಲು ತಂದ್ಕೊಡು" ಅಂದ. ಆಗುವುದಿಲ್ಲ ಅಂದೆ. ಹವಳದ ಕಲ್ಲು ದೇಶದಿಂದ ದೇಶಕ್ಕೆ ಹೋಗಬೇಕಾದರೆ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ, ಪರವಾನಗಿ ಬೇಕು. ಅದೂ ಅಲ್ಲದೆ ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ಜೇಬಿಗೆ ಹಾಕಿಕೊಂಡರೂ ಅದು ಅಪರಾಧ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಹವಳ ಅಗೆದು ಅಗೆದು ದಿಬ್ಬಗಳು ಏನಾದವು ಅಂತ ಗೊತ್ತಿರುವವರಿಗೆ ಈ ಕಾನೂನು ಜಾಸ್ತಿ ಆಯಿತು ಅನ್ನಿಸುವುದಿಲ್ಲ. ತಮ್ಮನಿಗೆ ಸೆರಾಮಿಕ್ ಕಲ್ಲು ತಗೋ ಅಂದೆ, ಇಲ್ಲದಿದ್ದರೆ ಸಿಮೆಂಟು, ಸುಣ್ಣದ ಕಲ್ಲಿನ ಜಲ್ಲಿ, ಹರಳುಪ್ಪು ಸೇರಿಸಿ ನೀನೇ ಮಾಡಿಕೋ ಅಂದೆ. ಉಪ್ಪು ಕರಗಿ ಹೋದ ಕಡೆ ತೂತು ಉಳಿಯುತ್ತದೆ. ಹೊಸ ಸಿಮೆಂಟು ನೀರಿನ ಪಿಎಚ್ ಏರಿಸುತ್ತದೆ, ಅದು ನಿಲ್ಲುವ ತನಕ ವಾರಗಟ್ಟಲೆ ನೀರು ಬದಲಾಯಿಸಬೇಕು. ಆಮೇಲೆ ಅಲ್ಲಿಯ ಯಾರಾದರೂ ಹವ್ಯಾಸಿಯ ತೊಟ್ಟಿಯಿಂದ ಹೆಪ್ಪು. ಹವಳ ಆದರೇನು, ಸಿಮೆಂಟು ಆದರೇನು, ಬ್ಯಾಕ್ಟೀರಿಯಾಗೆ ಬೇಕಾಗಿರುವುದು ತೂತು.

ಮೇಷ್ಟರ ಬಕೆಟ್ಟು ತೊಳೆದು ವಾಪಸ್ ಕೊಟ್ಟಾಯಿತು. ಎಲ್ಲ ಕಲ್ಲೂ ತೊಟ್ಟಿಗೆ ಬಂದಿಲ್ಲ. ತುಂಬ ಭಾರವಾದ, ಗುಳ್ಳೆಯನ್ನೂ ಅಷ್ಟಾಗಿ ಬಿಡದ ಒಂದು ದೊಡ್ಡ ತುಂಡು ಇನ್ನೂ ಡ್ರಮ್ಮಿನಲ್ಲೇ ಇದೆ. ಅದು ಒಂದೇ ಇದ್ದರೂ ನೀರಿನ ಫಾಸ್ಫೇಟ್ ವಾರಕ್ಕೊಮ್ಮೆ 0.3ಕ್ಕೆ ಬಂದು ನಿಲ್ಲುತ್ತದೆ. ಬಹುಶಃ ಮೇಷ್ಟರು ಮೀನಿಗೆ ಊಟ ಹಾಕುತ್ತಿದ್ದ ಜಾಗದ ಕೆಳಗೇ ಇದ್ದಿರಬೇಕು. ಉಳಿ, ಸುತ್ತಿಗೆ ಹಿಡಿದು ಒಡೆದು ಒಳಗಿನ ಮೈಗೂ ನೀರು ತಾಗುವಂತೆ ಮಾಡಬಹುದು, ಇಲ್ಲವೇ ಇನ್ನೊಂದು ಚಳಿಗಾಲ ಹಾಗೇ ಬಿಡಬಹುದು. ಹೆಂಡತಿಗೆ ಆ ಡ್ರಮ್ಮಿನ ಜಾಗ ಬೇಕಂತೆ, ಉಪ್ಪಿನಕಾಯಿ ಭರಣಿ ಇಡುವುದಕ್ಕೆ. ಈ ವಾರ ಒಡೆಯುತ್ತೇನೆ.